ಮನೆಯೇ ಮಠವಾದಾಗ: ರೋಮಿನ ಸಂತ ಫ್ರಾನ್ಸಿಸ್ಕಾ



ಒಂದು ಕಾಲದಲ್ಲಿ ಭಾನುವಾರದ ಬಲಿಪೂಜೆಗೆ ತಪ್ಪದೆ ಬರುತ್ತಿದ್ದು, ಈಗ ಅಪರೂಪವಾಗಿರುವ ತಾಯಂದಿರು ನಿಮ್ಮ ಧರ್ಮಕೇಂದ್ರದಲ್ಲೂ ಇರಬಹುದು. ಅವರಿಗೇ ಅರವತ್ತು ದಾಟಿದೆ. ಮನೆಯಲ್ಲಿ ಗಂಡನಿಗೆ ಲಕ್ವ ಹೊಡೆದಿದೆ, ಇಲ್ಲವೇ ತೊಂಬತ್ತರ ಅತ್ತೆ ಹಾಸಿಗೆ ಹಿಡಿದಿದ್ದಾರೆ. ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸಬೇಕು, ಬೆಳಗ್ಗೆ ಮೈ ಒರೆಸಬೇಕು, ಗಂಜಿ ಕುಡಿಸಬೇಕು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಬೇಕು. ಜಪಸರ ಕೈಗೆತ್ತಿಕೊಂಡು ಎರಡನೆಯ ರಹಸ್ಯಕ್ಕೆ ಬರುವಷ್ಟರಲ್ಲಿ ಒಳಗಿನಿಂದ ಕರೆ ಬರುತ್ತದೆ. ಎದ್ದು ಹೋಗುತ್ತಾರೆ. ಮರಳಿ ಬಂದಾಗ ಎಲ್ಲಿ ನಿಲ್ಲಿಸಿದ್ದೆನೆಂಬುದೇ ಮರೆತುಹೋಗಿರುತ್ತದೆ. ದೇವರಿಗೆ ಕೊಡಬೇಕಾದ ಸಮಯವನ್ನು ಕೊಡಲಾಗುತ್ತಿಲ್ಲವಲ್ಲ ಎಂಬ ಕೊರಗು ಅವರನ್ನು ಒಳಗೇ ತಿನ್ನುತ್ತದೆ.

ಇಂಥವರಿಗೆ ಧರ್ಮಸಭೆಯಲ್ಲಿ ಒಬ್ಬ ಸಂತರಿದ್ದಾರೆ. ಮಠದ ಗೋಡೆಗಳ ಒಳಗೆ ಬೆಳೆದವರಲ್ಲ. ನಲವತ್ತು ವರ್ಷ ಸಂಸಾರ ಮಾಡಿದವರು, ಮಕ್ಕಳನ್ನು ಹೆತ್ತವರು, ಹೆತ್ತ ಮಕ್ಕಳನ್ನು ಮಣ್ಣಿಗೆ ಕೊಟ್ಟವರು, ಗಾಯಗೊಂಡು ಬಲಗುಂದಿದ ಗಂಡನನ್ನು ಆತ ಕಣ್ಣು ಮುಚ್ಚುವವರೆಗೂ ನೋಡಿಕೊಂಡವರು. ಅವರೇ ರೋಮಿನ ಸಂತ ಫ್ರಾನ್ಸಿಸ್ಕಾ. ಮಾರ್ಚ್ 9 ಅವರ ಹಬ್ಬದ ದಿನ. ಅವರ ಬಾಳನ್ನು ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ಬಯಸಿದ್ದು ಮಠ, ಸಿಕ್ಕಿದ್ದು ಮನೆ

ಫ್ರಾನ್ಸಿಸ್ಕಾ ಹುಟ್ಟಿದ್ದು 1384ರಲ್ಲಿ, ರೋಮ್ ನಗರದಲ್ಲಿ. ತಂದೆ ಪಾವ್ಲೊ ಬುಸ್ಸಾ, ತಾಯಿ ಯಾಕೊಬೆಲ್ಲಾ. ಇಬ್ಬರೂ ಶ್ರೀಮಂತ ಮನೆತನದವರು. ಬುದ್ಧಿ ಬಂದಾಗಿನಿಂದಲೂ ಈ ಮಗುವಿಗೆ ಸನ್ಯಾಸಿನಿಯಾಗುವ ಆಸೆ. ಆದರೆ ಆ ಕಾಲದಲ್ಲಿ ಹೆಣ್ಣುಮಗಳ ಆಸೆ ಕೇಳುವವರು ಯಾರು? ಹನ್ನೆರಡು ತುಂಬುವ ಹೊತ್ತಿಗೆ, 1396ರಲ್ಲಿ, ತಂದೆ ಆಕೆಯನ್ನು ಲೊರೆಂಜೊ ಪೊಂತ್ಸಿಯಾನಿ ಎಂಬ ಯುವಕನಿಗೆ ಕೊಟ್ಟು ಮದುವೆ ಮಾಡಿದರು. ಹುಡುಗಿ ಅತ್ತಳು, ಹಟ ಮಾಡಿದಳು. ಆಗ ಆಕೆಯ ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಒಂದು ಪ್ರಶ್ನೆ ಹಾಕಿದರಂತೆ: ದೇವರ ಚಿತ್ತ ನಡೆಯಲಿಲ್ಲವೆಂದು ಅಳುತ್ತಿದ್ದೀಯೋ, ನಿನ್ನ ಚಿತ್ತ ನಡೆಯಲಿಲ್ಲವೆಂದೋ? ಆ ಪ್ರಶ್ನೆ ಆಕೆಯ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು.

ಗಂಡನ ಮನೆ ಟೈಬರ್ ನದಿಯಾಚೆಯ ತ್ರಾಸ್ತೆವೆರೆ ಎಂಬ ಬಡಾವಣೆಯಲ್ಲಿತ್ತು. ಆಳುಕಾಳುಗಳಿದ್ದ ದೊಡ್ಡ ಮನೆ. ಹೊಸ ಮದುವಣಗಿತ್ತಿಗೆ ಆ ಸಡಗರ ಒಗ್ಗಲಿಲ್ಲ. ಬಹಳ ದಿನ ಕಾಯಿಲೆ ಮಲಗಿದರು. ಹೀಗೆ ಬದುಕಿನ ಮೊದಲ ಪಾಠವನ್ನು ಅವರು ಕಲಿತದ್ದು ರೋಗಿಯಾಗಿ. ಹಾಸಿಗೆಯಲ್ಲಿ ಬಿದ್ದವರಿಗೆ ಇನ್ನೊಬ್ಬರ ಕೈ ಎಷ್ಟು ಬೇಕಾಗುತ್ತದೆ ಎಂಬುದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು.

ಆ ಮನೆಯಲ್ಲಿ ದೇವರು ಅವರಿಗೆ ಒಬ್ಬ ಗೆಳತಿಯನ್ನು ಕೊಟ್ಟಿದ್ದರು. ಲೊರೆಂಜೊನ ಅಣ್ಣನ ಹೆಂಡತಿ, ಅಂದರೆ ಓರಗಿತ್ತಿ, ವನ್ನೊತ್ಸಾ. ಇಬ್ಬರೂ ಒಂದೇ ಬಯಕೆಯನ್ನು ಬಚ್ಚಿಟ್ಟುಕೊಂಡು ಬಂದವರು ಎಂಬುದು ಮಾತಿನಲ್ಲಿ ಹೊರಬಿತ್ತು. ಅಂದಿನಿಂದ ಮೂರು ದಶಕಕ್ಕೂ ಮೀರಿ ಅವರು ಒಡಹುಟ್ಟಿದವರಂತೆ ಬಾಳಿದರು. ಸಾಂತೊ ಸ್ಪಿರಿತೊ ಆಸ್ಪತ್ರೆಯ ರೋಗಿಗಳ ಬಳಿಗೆ ಇಬ್ಬರೂ ಕೂಡಿ ಹೋಗುತ್ತಿದ್ದರು. ಓರಗಿತ್ತಿಯರ ನಡುವೆ ಮುನಿಸು, ಪೈಪೋಟಿ ಸಹಜವೆಂದು ನಾವು ತಿಳಿದಿದ್ದೇವೆ. ಪೊಂತ್ಸಿಯಾನಿ ಮನೆಯಲ್ಲಿ ಆ ನಂಟೇ ಒಂದು ಆಸರೆಯಾಯಿತು.

ಅತ್ತೆ ತೀರಿಕೊಂಡಾಗ ಮನೆಯ ಬೀಗದ ಕೈ ಹಿರಿಯ ಸೊಸೆಗೆ ಹೋಗಬೇಕಿತ್ತು. ವನ್ನೊತ್ಸಾ ಒಪ್ಪಲಿಲ್ಲ. ಇನ್ನೂ ಹದಿಹರೆಯದಲ್ಲಿದ್ದ ಫ್ರಾನ್ಸಿಸ್ಕಾರ ಹೆಗಲಿಗೆ ಆ ಭಾರ ಬಿತ್ತು. ಬರಗಾಲ ಬಂದಾಗ ಅವರು ಕಣಜದ ಕಾಳನ್ನೂ ಪೀಪಾಯಿಯ ದ್ರಾಕ್ಷಾರಸವನ್ನೂ ಬಡವರಿಗೆ ಹಂಚಿದ್ದು, ಸಿಟ್ಟಿಗೆದ್ದ ಮಾವ ಹೋಗಿ ನೋಡುವಾಗ ಬರಿದಾದ ಪೀಪಾಯಿ ತುಂಬಿಕೊಂಡಿದ್ದು, ಇವೆಲ್ಲ ರೋಮಿನ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದಿರುವ ಕಥೆಗಳು.

ಅರ್ಧಕ್ಕೆ ನಿಂತ ಪ್ರಾರ್ಥನೆ

ಇನ್ನೊಂದು ಕಥೆಯನ್ನು, ಮನೆಯಲ್ಲಿ ರೋಗಿಗಳಿರುವ ಓದುಗರು ವಿಶೇಷವಾಗಿ ಗಮನಿಸಬೇಕು. ಒಂದು ದಿನ ಫ್ರಾನ್ಸಿಸ್ಕಾ ಮಾತೆ ಮರಿಯಮ್ಮನವರ ಪ್ರಾರ್ಥನಾವಿಧಿಯನ್ನು ಓದುತ್ತಿದ್ದರು. ಒಂದು ಸಾಲಿಗೆ ಬಂದಾಗ ಯಾವುದೋ ಕೆಲಸಕ್ಕೆ ಕರೆ ಬಂತು. ಪುಸ್ತಕ ಮುಚ್ಚಿ ಎದ್ದು ಹೋದರು. ಮರಳಿ ಬಂದು ಅದೇ ಸಾಲು ಹಿಡಿದರು, ಮತ್ತೆ ಕರೆ. ಹೀಗೆ ನಾಲ್ಕು ಸಲವಾಯಿತಂತೆ. ಒಂದು ಸಲವೂ ಮುಖ ಸಿಂಡರಿಸಲಿಲ್ಲ. ಕೊನೆಗೆ ಬಂದು ಪುಸ್ತಕ ತೆರೆದಾಗ ಆ ಒಂದು ಸಾಲು ಬಂಗಾರದ ಅಕ್ಷರಗಳಲ್ಲಿ ಹೊಳೆಯುತ್ತಿತ್ತು. ಸಂಸಾರಸ್ಥ ಹೆಣ್ಣು ಮನೆಯವರಿಗೆ ತನ್ನ ಅಗತ್ಯವಿದ್ದಾಗ ಬಲಿಪೀಠದ ಮುಂದಿನ ದೇವರನ್ನು ಬಿಟ್ಟು, ಮನೆಗೆಲಸದ ನಡುವೆ ಇರುವ ದೇವರನ್ನು ಹುಡುಕಬೇಕು ಎಂಬುದು ಅವರ ನಿಲುವಾಗಿತ್ತೆಂದು ಅವರ ಚರಿತ್ರೆ ಬರೆದವರು ತಿಳಿಸುತ್ತಾರೆ.

ಬಂಗಾರದ ಅಕ್ಷರ ನಮ್ಮ ನಿಮ್ಮ ಪುಸ್ತಕದಲ್ಲಿ ಮೂಡಲಿಕ್ಕಿಲ್ಲ. ಆದರೆ ಕಥೆಯ ತಿರುಳು ಸ್ಪಷ್ಟವಾಗಿದೆ. ಆಕೆ ಓದಿ ಮುಗಿಸಿದ ಪುಟಗಳು ಮಾಮೂಲಿ ಶಾಯಿಯಲ್ಲೇ ಉಳಿದವು, ಓದಲಾಗದೆ ಬಿಟ್ಟುಹೋದ ಸಾಲು ಬಂಗಾರವಾಯಿತು. ಜಪಸರವನ್ನು ಬದಿಗಿಟ್ಟು ಬೆಡ್‌ಪ್ಯಾನ್ ಹಿಡಿಯಲು ಎದ್ದುಹೋದವರು ಇದನ್ನು ನೆನಪಿಡಲಿ.

ಕತ್ತಿಯ ಗಾಯ, ಮಹಾಮಾರಿ

ಫ್ರಾನ್ಸಿಸ್ಕಾರ ಕಾಲದ ರೋಮ್ ನೆಮ್ಮದಿಯ ಊರಾಗಿರಲಿಲ್ಲ. 1378ರಿಂದ 1417ರವರೆಗೆ ಧರ್ಮಸಭೆಯೇ ಒಡೆದುಹೋಗಿತ್ತು. ನಿಜವಾದ ಜಗದ್ಗುರು ತಾವೇ ಎಂದು ಒಬ್ಬರಿಗಿಂತ ಹೆಚ್ಚು ಮಂದಿ ಹೇಳಿಕೊಳ್ಳುತ್ತಿದ್ದರು. ಈ ಗೊಂದಲದ ನಡುವೆ 1408ರಲ್ಲಿ ನೇಪಲ್ಸ್ ರಾಜ ಲಾಡಿಸ್ಲಾಸ್ ರೋಮನ್ನು ವಶಪಡಿಸಿಕೊಂಡ. ಪೊಂತ್ಸಿಯಾನಿ ಮನೆತನದವರು ಜಗದ್ಗುರುಗಳ ಪಕ್ಷದವರು. ಆ ಕದನಗಳಲ್ಲಿ ಲೊರೆಂಜೊ ಕತ್ತಿಯ ಇರಿತಕ್ಕೆ ಸಿಕ್ಕಿ ಸಾಯುವ ಸ್ಥಿತಿಯಲ್ಲಿ ಮನೆಗೆ ಬಂದರು. ಹೆಂಡತಿಯ ಆರೈಕೆಯಿಂದ ಜೀವ ಉಳಿಯಿತು, ಮೊದಲಿನ ಕಸುವು ಮರಳಲಿಲ್ಲ.

ಕಷ್ಟ ಅಲ್ಲಿಗೆ ನಿಲ್ಲಲಿಲ್ಲ. ಹಿರಿಯ ಮಗ ಬಾತ್ತಿಸ್ತಾನನ್ನು ಶತ್ರುಗಳು ಒತ್ತೆಯಾಳಾಗಿ ಕೇಳಿದರು. ಲೊರೆಂಜೊ ಊರು ಬಿಟ್ಟು ದೇಶಾಂತರ ಹೋಗಬೇಕಾಯಿತು. ಸೈನಿಕರು ಮನೆಗೆ ನುಗ್ಗಿ ಲೂಟಿ ಮಾಡಿದರು. ಅದರ ಹಿಂದೆಯೇ ಮಹಾಮಾರಿ ಬಂತು. ಎರಡನೆಯ ಮಗ ಎವಾಂಜೆಲಿಸ್ತಾ ಬಾಲ್ಯದಲ್ಲೇ ತೀರಿಕೊಂಡ. ಸ್ವಲ್ಪ ಕಾಲದ ಮೇಲೆ ಮಗಳು ಆಗ್ನೆಸಳೂ ಹೋದಳು. ಸತ್ತ ಮಗ ತಾಯಿಗೆ ದರ್ಶನ ಕೊಟ್ಟು ಒಬ್ಬ ದೇವದೂತನನ್ನು ಜೊತೆಗೆ ಬಿಟ್ಟುಹೋದನೆಂದೂ, ಆ ದೂತನ ಬೆಳಕಿನಲ್ಲಿ ಫ್ರಾನ್ಸಿಸ್ಕಾ ಕತ್ತಲಲ್ಲೂ ಪ್ರಾರ್ಥನೆ ಓದಬಲ್ಲವರಾಗಿದ್ದರೆಂದೂ ನಂಬಿಕೆಯಿದೆ. ಚಿತ್ರಗಳಲ್ಲಿ ಅವರ ಪಕ್ಕದಲ್ಲಿ ದೇವದೂತ ಇರುವುದು ಇದೇ ಕಾರಣಕ್ಕೆ. 1925ರಲ್ಲಿ ಜಗದ್ಗುರು ಹನ್ನೊಂದನೇ ಭಕ್ತಿನಾಥರು, ಅಂದರೆ ಪೋಪ್ ಪಿಯುಸ್, ವಾಹನ ಚಾಲಕರಿಗೆ ಅವರನ್ನು ಪಾಲಕ ಸಂತರನ್ನಾಗಿ ಮಾಡಿದ್ದೂ ಇದರಿಂದಲೇ.

ಎರಡು ಮಕ್ಕಳನ್ನು ಕಳೆದುಕೊಂಡ ತಾಯಿ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಫ್ರಾನ್ಸಿಸ್ಕಾ ಹಾಳುಬಿದ್ದ ಮನೆಯ ಒಂದು ಭಾಗವನ್ನೇ ರೋಗಿಗಳಿಗೆ ಬಿಟ್ಟುಕೊಟ್ಟರು. ಒಡವೆಗಳನ್ನು ಮಾರಿದರು. ಊರಾಚೆಯ ದ್ರಾಕ್ಷಿತೋಟದಿಂದ ಕಟ್ಟಿಗೆ ತಂದು ಬಡವರ ಮನೆಗಳಿಗೆ ಮುಟ್ಟಿಸಿದರು. ತಾವೇ ಮುಲಾಮು ತಯಾರಿಸಿ ಹುಣ್ಣುಗಳಿಗೆ ಹಚ್ಚುತ್ತಿದ್ದರು. ರೋಗಿ ವಾಸಿಯಾದಾಗ ಅದು ಮುಲಾಮಿನ ಗುಣವೆಂದು ಹೇಳಿ ತಾವು ಮರೆಯಲ್ಲಿ ಉಳಿಯುತ್ತಿದ್ದರು.

ಕಾಯಬೇಕಾದ ವರ್ಷಗಳು

ಲಾಡಿಸ್ಲಾಸ್ 1414ರಲ್ಲಿ ಸತ್ತ. ದೇಶಾಂತರ ಹೋಗಿದ್ದವರು ಮರಳಿದರು. ಲೊರೆಂಜೊನೂ ಬಂದರು, ಆದರೆ ಹೋದವರಾಗಿ ಬರಲಿಲ್ಲ. ಆಸ್ತಿ ನಷ್ಟ, ಹಳೆಯ ಗಾಯ, ತಾನಿಲ್ಲದಾಗ ಮಕ್ಕಳು ತೀರಿಹೋದ ದುಃಖ. ಇಲ್ಲಿಂದ ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಫ್ರಾನ್ಸಿಸ್ಕಾ ಗಂಡನ ಜೊತೆಗಿದ್ದು ನೋಡಿಕೊಂಡರು. ಮೂವತ್ತರಲ್ಲಿದ್ದವರು ಐವತ್ತು ದಾಟಿದರು. ಆ ಕಾಲದಲ್ಲಿ ಐವತ್ತೆಂದರೆ ಮುಪ್ಪು.

ಚರಿತ್ರೆಯ ಪುಸ್ತಕಗಳು ಪವಾಡಗಳನ್ನು ವಿಸ್ತಾರವಾಗಿ ಹೇಳಿ ಈ ಇಪ್ಪತ್ತು ವರ್ಷಗಳನ್ನು ಬೇಗ ದಾಟಿಬಿಡುತ್ತವೆ. ರೋಗಿಯನ್ನು ನೋಡಿಕೊಂಡವರಿಗೆ ಮಾತ್ರ ಇದರ ತೂಕ ಗೊತ್ತು. ಮೊದಲ ತಿಂಗಳಲ್ಲಿ ನೆಂಟರಿಷ್ಟರು ಹಣ್ಣು ಹಿಡಿದು ಬರುತ್ತಾರೆ. ಮೂರನೆಯ ವರ್ಷದಲ್ಲಿ ಬರುವವರು ಕಡಿಮೆ. ಹತ್ತನೆಯ ವರ್ಷದಲ್ಲಿ ರೋಗಿಯೂ ನೋಡಿಕೊಳ್ಳುವವರೂ ಇಬ್ಬರೇ. ನೋಡಿಕೊಳ್ಳುವವರ ಸೊಂಟ ಬಿದ್ದುಹೋಗಿರುತ್ತದೆ, ಮಂಡಿ ನೋಯುತ್ತಿರುತ್ತದೆ, ಅವರಿಗೂ ಬಿ.ಪಿ. ಮಾತ್ರೆ ಶುರುವಾಗಿರುತ್ತದೆ. ಒಮ್ಮೊಮ್ಮೆ ರೋಗಿಯ ಮೇಲೆ ಸಿಟ್ಟು ಬರುತ್ತದೆ. ಸಿಟ್ಟು ಬಂದದ್ದಕ್ಕೆ ಅಳು ಬರುತ್ತದೆ. ಇದು ಯಾವಾಗ ಮುಗಿದೀತೋ ಎಂಬ ಯೋಚನೆ ಸುಳಿಯುತ್ತದೆ, ಆ ಯೋಚನೆಗೆ ತಾವೇ ಬೆಚ್ಚಿಬೀಳುತ್ತಾರೆ. ಇಂಥ ಯೋಚನೆ ಬಂದ ಮಾತ್ರಕ್ಕೆ ನೀವು ಕೆಟ್ಟವರಲ್ಲ, ದಣಿದವರು. ಪಾಪನಿವೇದನೆಯಲ್ಲಿ ಗುರುಗಳಿಗೆ ಹೇಳಿಕೊಳ್ಳಿ, ಮನಸ್ಸು ಹಗುರವಾಗುತ್ತದೆ.

ಫ್ರಾನ್ಸಿಸ್ಕಾರ ಮನೆಯಲ್ಲೂ ಎಲ್ಲವೂ ಸಲೀಸಾಗಿರಲಿಲ್ಲ. ಬಾತ್ತಿಸ್ತಾ ದೊಡ್ಡವನಾಗಿ ಮೊಬಿಲಿಯಾ ಎಂಬ ಹುಡುಗಿಯನ್ನು ಮದುವೆಯಾದ. ಚಿಕ್ಕ ವಯಸ್ಸಿನ ಸೊಸೆಗೆ ಅತ್ತೆಯ ಒರಟು ಉಡುಪು, ಬಡವರ ಒಡನಾಟ, ಉಪವಾಸ ಎಲ್ಲವೂ ನಗೆಪಾಟಲಾಗಿ ಕಂಡವು. ನಾಲ್ಕು ಜನರ ಮುಂದೆ ಅತ್ತೆಯನ್ನು ಅಣಕಿಸುತ್ತಿದ್ದಳಂತೆ. ಮುಂದೆ ಅವಳೇ ಕಾಯಿಲೆ ಬಿದ್ದಾಗ ಹಾಸಿಗೆಯ ಪಕ್ಕ ಕುಳಿತದ್ದು ಅದೇ ಅತ್ತೆ. ಅಲ್ಲಿಂದ ಅವಳ ಮನಸ್ಸು ತಿರುಗಿತು. ಆರೈಕೆಯ ಕೈ ಮಾಡಿದ ಕೆಲಸವನ್ನು ಯಾವ ಬುದ್ಧಿಮಾತೂ ಮಾಡಲಾರದು.

ಗಂಡನಿಗೂ ಈ ಹೆಂಡತಿಯ ಬೆಲೆ ತಿಳಿದಿತ್ತು. ಆಕೆಯ ಮನದಾಳದಲ್ಲಿ ಇನ್ನೂ ಮಠದ ಆಸೆಯಿದೆ ಎಂಬುದನ್ನು ಅರಿತ ಲೊರೆಂಜೊ, ಆಕೆ ತನಗೆ ಬೇಕಾದ ಹಾಗೆ ಭಕ್ತಿಯ ಬಾಳು ನಡೆಸಲಿ ಎಂದು ಒಪ್ಪಿಗೆ ಕೊಟ್ಟರು. ಒಂದೇ ಒಂದು ಕೋರಿಕೆ: ತಾನು ಬದುಕಿರುವವರೆಗೆ ತನ್ನನ್ನು ಬಿಟ್ಟುಹೋಗಬಾರದು. ಫ್ರಾನ್ಸಿಸ್ಕಾ ಒಪ್ಪಿದರು.

ಈ ಮಾತನ್ನು ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ. 1425ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದು, ಸಾಂತಾ ಮರಿಯಾ ನೊವಾ ದೇವಾಲಯದಲ್ಲಿ ಅವರೂ ಕೆಲವು ಸ್ತ್ರೀಯರೂ ತಮ್ಮನ್ನು ದೇವರಿಗೆ ಸಮರ್ಪಿಸಿಕೊಂಡರು. ಅವರವರ ಮನೆಯಲ್ಲೇ ಇದ್ದು ಪ್ರಾರ್ಥನೆ ಮತ್ತು ಬಡವರ ಸೇವೆ ಮಾಡುವ ಸಂಘ ಅದು. 1433ರ ಮಾರ್ಚ್ 25ರಂದು, ಮಂಗಳವಾರ್ತೆಯ ಹಬ್ಬದಂದು, ಅವರಲ್ಲಿ ಕೆಲವರು ತೊರ್ ದೆ ಸ್ಪೆಕ್ಕಿ ಎಂಬ ಮನೆಯಲ್ಲಿ ಒಟ್ಟಾಗಿ ಬಾಳತೊಡಗಿದರು. ಅದೇ ವರ್ಷ ಜುಲೈಯಲ್ಲಿ ಜಗದ್ಗುರು ನಾಲ್ಕನೇ ಯುಜೀನರು ಅನುಮೋದನೆ ಕೊಟ್ಟರು. ಹನ್ನೊಂದನೆಯ ವಯಸ್ಸಿನಿಂದ ಕಂಡ ಕನಸು ಹೀಗೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಲ್ಲು ಗಾರೆಯ ಮನೆಯಾಗಿ ಎದುರಿಗೆ ನಿಂತಿತು. ಆದರೆ ಅದನ್ನು ಕಟ್ಟಿದವರೇ ಒಳಗೆ ಹೋಗಿ ನೆಲೆಸಲಿಲ್ಲ. ಬಿಡುವಾದಾಗ ಬಂದು ಹೋಗುತ್ತಿದ್ದರು, ಸಂಜೆಯಾದರೆ ಗಂಡನ ಬಳಿಗೆ ಮರಳುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ನಿವೃತ್ತಿಯಾದ ಮೇಲೆ ವೇಲಾಂಕಣಿಗೆ ಹೋಗಬೇಕು, ಮಗಳ ಮನೆಯಲ್ಲಿ ಮೊಮ್ಮಗುವಿನೊಂದಿಗೆ ಇರಬೇಕು, ದಿನವೂ ಬಲಿಪೂಜೆಯಲ್ಲಿ ಭಾಗವಹಿಸಬೇಕು ಎಂದುಕೊಂಡಿದ್ದವರು ನಮ್ಮಲ್ಲಿ ಎಷ್ಟೋ ಮಂದಿ. ಅಷ್ಟರಲ್ಲಿ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿಯುತ್ತಾರೆ. ಒಳ್ಳೆಯ ಆಸೆಗಳು, ದೇವರಿಗೆ ಮೆಚ್ಚುಗೆಯಾಗುವ ಆಸೆಗಳು, ಹಾಗೆಯೇ ಉಳಿದುಬಿಡುತ್ತವೆ. ಫ್ರಾನ್ಸಿಸ್ಕಾರಿಗೂ ಹಾಗೆಯೇ ಆಯಿತು. ಅವರು ಆಸೆಯನ್ನು ಕೊಂದುಕೊಳ್ಳಲಿಲ್ಲ, ಗಂಡನ ಮೇಲೆ ಅದರ ಸಿಟ್ಟನ್ನು ತೀರಿಸಿಕೊಳ್ಳಲೂ ಇಲ್ಲ. ಕಾದರು.

ಒಬ್ಬರೇ ಹೊರಲಿಲ್ಲ

ಇದೆಲ್ಲವನ್ನೂ ಓದಿ, ಸಂತರಾದವರು ಎಲ್ಲವನ್ನೂ ತಾವೊಬ್ಬರೇ ಸಹಿಸಿಕೊಳ್ಳುತ್ತಾರೆ ಎಂದುಕೊಂಡರೆ ತಪ್ಪಾದೀತು. ಫ್ರಾನ್ಸಿಸ್ಕಾರ ಪಕ್ಕದಲ್ಲಿ ವನ್ನೊತ್ಸಾ ಇದ್ದರು. ಮನೆಯಲ್ಲಿ ಆಳುಗಳಿದ್ದರು. ಮನಸ್ಸಿನ ಭಾರ ಇಳಿಸಿಕೊಳ್ಳಲು ಮೊದಲು ಒಬ್ಬ ಗುರುಗಳು, ಅವರ ನಂತರ ಜೊವಾನ್ನಿ ಮಾತ್ತಿಯೊತ್ತಿ ಎಂಬ ಇನ್ನೊಬ್ಬ ಗುರುಗಳು ಇದ್ದರು. ಒಂದೇ ಮನಸ್ಸಿನ ಗೆಳತಿಯರ ಸಂಘವಿತ್ತು. ಇಷ್ಟು ಜನರ ಆಸರೆ ಪಡೆದುಕೊಂಡೇ ಅವರು ಇಪ್ಪತ್ತು ವರ್ಷದ ಆರೈಕೆಯನ್ನು ನಡೆಸಿದ್ದು.

ನಮ್ಮ ಮನೆಗಳಲ್ಲಿ ಇದು ನಡೆಯುವುದು ಕಡಿಮೆ. ನಾಲ್ಕು ಮಕ್ಕಳಿರುವ ಕಡೆಯೂ ತಂದೆತಾಯಿಯ ಭಾರ ಒಬ್ಬರ ಮೇಲೆ ಬೀಳುತ್ತದೆ, ಹೆಚ್ಚಾಗಿ ಒಬ್ಬ ಮಗಳ ಅಥವಾ ಸೊಸೆಯ ಮೇಲೆ. ಉಳಿದವರು ಹಬ್ಬಕ್ಕೆ ಬಂದು, ಅಮ್ಮ ಸೊರಗಿದ್ದಾರಲ್ಲ ಎಂದು ಹೇಳಿ ಹೋಗುತ್ತಾರೆ. ದೂರದಲ್ಲಿರುವ ಮಗನೇ, ಮಗಳೇ, ನೀವು ಕಳಿಸುವ ಹಣ ಬೇಕು, ನಿಜ. ಅದರ ಜೊತೆಗೆ ವರ್ಷದಲ್ಲಿ ಹತ್ತು ದಿನ ಬಂದು ಆ ಹಾಸಿಗೆಯ ಪಕ್ಕ ನೀವು ಮಲಗಿ, ಅಕ್ಕನನ್ನೋ ಅತ್ತಿಗೆಯನ್ನೋ ನಿದ್ದೆ ಮಾಡಲು ಬಿಡಿ. ಆಕೆಗೆ ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ.

ಆರೈಕೆ ಮಾಡುತ್ತಿರುವವರಿಗೂ ಒಂದು ಮಾತು. ಕೇಳದೆ ಯಾರೂ ಕೊಡುವುದಿಲ್ಲ. ಧರ್ಮಕೇಂದ್ರದ ಗುರುಗಳಿಗೆ ತಿಳಿಸಿದರೆ ಮನೆಗೇ ಪರಮಪ್ರಸಾದ ಬರುತ್ತದೆ, ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರವೂ ದೊರೆಯುತ್ತದೆ. ಆ ಸಂಸ್ಕಾರವನ್ನು ಸಾಯುವ ಗಳಿಗೆಗೆಂದು ಕಾದಿಡಬೇಕಾಗಿಲ್ಲ. ಕಾಯಿಲೆ ಗಂಭೀರವಾದಾಗ, ಮುಪ್ಪಿನಿಂದ ಬಲಗುಂದಿದಾಗ ಪಡೆಯಬಹುದು, ಕಾಯಿಲೆ ಹೆಚ್ಚಿದರೆ ಮತ್ತೆ ಪಡೆಯಬಹುದು. ನೆರೆಮನೆಯವರನ್ನು ಒಂದು ಗಂಟೆ ಕೂತಿರಲು ಕೇಳಿ, ನೀವು ದೇವಾಲಯಕ್ಕೆ ಹೋಗಿಬನ್ನಿ. ಸುಮ್ಮನೆ ಮನೆಯ ಸುತ್ತ ನಡೆದಾಡಿ ಬಂದರೂ ಸರಿ. ನಿಮ್ಮ ಮಾತ್ರೆಯನ್ನು ಮರೆಯಬೇಡಿ. ನೀವು ಬಿದ್ದರೆ ರೋಗಿಗೆ ಯಾರು?

ಬಾಗಿಲು ತೆರೆದಾಗ

1436ರಲ್ಲಿ ಲೊರೆಂಜೊ ತೀರಿಕೊಂಡರು. ನಲವತ್ತು ವರ್ಷದ ದಾಂಪತ್ಯ ಮುಗಿಯಿತು. ದೀರ್ಘಕಾಲ ಆರೈಕೆ ಮಾಡಿದವರಿಗೆ ಈ ಗಳಿಗೆ ವಿಚಿತ್ರವಾದದ್ದು. ಕೈಗಳಿಗೆ ಇದ್ದಕ್ಕಿದ್ದಂತೆ ಕೆಲಸವಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಕರೆಯುವವರಿಲ್ಲ. ದುಃಖದ ನಡುವೆಯೇ ಒಂದು ಬಿಡುಗಡೆಯ ಉಸಿರು ಬರುತ್ತದೆ, ಅದಕ್ಕೆ ನಾಚಿಕೆಯೂ ಆಗುತ್ತದೆ. ನಾಚಬೇಕಾಗಿಲ್ಲ. ಹೊತ್ತ ಭಾರವನ್ನು ಇಳಿಸಿದವರು ಉಸಿರುಬಿಡುವುದು ಸಹಜ.

ಅದೇ ವರ್ಷ ಮಾರ್ಚ್ 21ರಂದು, ಆಗ ಸಂತ ಬೆನೆದಿಕ್ತರ ಹಬ್ಬವಾಗಿದ್ದ ದಿನ, ಫ್ರಾನ್ಸಿಸ್ಕಾ ತೊರ್ ದೆ ಸ್ಪೆಕ್ಕಿಯ ಬಾಗಿಲಿಗೆ ಬಂದರು. ಸಂಘ ಕಟ್ಟಿದವರೆಂಬ ಹಕ್ಕಿನಿಂದ ಬರಲಿಲ್ಲ. ಬರಿಗಾಲಲ್ಲಿ ಬಂದು, ತಮ್ಮನ್ನೂ ಒಬ್ಬ ಸೇವಕಿಯಾಗಿ ಸೇರಿಸಿಕೊಳ್ಳಬೇಕೆಂದು ಬೇಡಿದರು. ವಯಸ್ಸು ಐವತ್ತೆರಡು. ಸೋದರಿಯರು ಅವರನ್ನೇ ಮುಖ್ಯಸ್ಥೆಯನ್ನಾಗಿ ಆರಿಸಿದರು.

ನಾಲ್ಕು ವರ್ಷ ಕಳೆಯಿತು. 1440ರ ಮಾರ್ಚ್ ಮೊದಲ ವಾರದಲ್ಲಿ ಮಗ ಬಾತ್ತಿಸ್ತಾನಿಗೆ ಕಾಯಿಲೆ ಜೋರಾಗಿದೆಯೆಂದು ಸುದ್ದಿ ಬಂತು. ವಯಸ್ಸಾದ ತಾಯಿ ಮತ್ತೆ ತ್ರಾಸ್ತೆವೆರೆಯ ಆ ಹಳೆಯ ಮನೆಗೆ ನಡೆದರು. ಮಗ ಚೇತರಿಸಿಕೊಂಡ. ತಾಯಿಗೆ ಜ್ವರ ಹಿಡಿಯಿತು. ಮಠಕ್ಕೆ ಮರಳುವ ಶಕ್ತಿ ಉಳಿಯಲಿಲ್ಲ. ಮಾರ್ಚ್ 9ರ ಸಂಜೆ, ಮದುವೆಯಾಗಿ ಬಂದ ಮನೆಯಲ್ಲೇ, ಫ್ರಾನ್ಸಿಸ್ಕಾ ಪ್ರಭುವಿನಲ್ಲಿ ನಿದ್ರಿಸಿದರು. ಇಡೀ ಬಾಳು ಮಠವನ್ನು ಬಯಸಿದ್ದ ಹೆಣ್ಣು ಕೊನೆಯುಸಿರೆಳೆದದ್ದು ಮನೆಯಲ್ಲಿ, ಮಗನ ಆರೈಕೆಗೆ ಬಂದಾಗ.

1608ರ ಮೇ 29ರಂದು ಜಗದ್ಗುರು ಐದನೇ ಪೌಲರು ಅವರಿಗೆ ಸಂತ ಪದವಿ ನೀಡಿದರು. ರೋಮಿನಲ್ಲಿ ಅವರ ಪಾರ್ಥಿವ ಶರೀರವಿರುವ ಸಾಂತಾ ಮರಿಯಾ ನೊವಾ ದೇವಾಲಯವನ್ನು ಜನ ಈಗ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅವರು ಕಟ್ಟಿದ ಸಂಘ ಇಂದಿಗೂ ತೊರ್ ದೆ ಸ್ಪೆಕ್ಕಿಯಲ್ಲಿದೆ.

ಆರೈಕೆಯಿಂದ ಫ್ರಾನ್ಸಿಸ್ಕಾರಿಗೆ ಸಿಕ್ಕಿದ್ದೇನು ಎಂದು ನೀವು ಕೇಳಬಹುದು. ಬಲವಂತದಿಂದ ಕಟ್ಟಿದ ಮದುವೆ ನಲವತ್ತು ವರ್ಷದ ಸ್ನೇಹವಾಯಿತು. ಅಣಕಿಸಿದ ಸೊಸೆ ಮಗಳಾದಳು. ಲೂಟಿಯಾದ ಮನೆ ರೋಗಿಗಳ ನೆಲೆಯಾಯಿತು. ಇವು ಒಂದು ದಿನದಲ್ಲಿ ಆದವಲ್ಲ, ದಿನದಿನದ ಸಣ್ಣ ಕೆಲಸಗಳಿಂದ ಆದವು.

ಮುಂದಿನ ಮಾರ್ಚ್ 9ರಂದು ನಿಮ್ಮ ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದವರಿರುವ ಒಂದು ಮನೆಗೆ ಹೋಗಿ. ರೋಗಿಯನ್ನು ಮಾತನಾಡಿಸಿ. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿರುವವರನ್ನೂ ಮಾತನಾಡಿಸಿ, ಅವರು ಊಟ ಮಾಡಿದರೋ, ಮಲಗಿದರೋ ಎಂದು ಕೇಳಿ. ಇನ್ನು, ಆ ಬಾಗಿಲಲ್ಲಿ ನಿಂತಿರುವವರು ನೀವೇ ಆಗಿದ್ದರೆ, ಇವತ್ತು ಅರ್ಧಕ್ಕೆ ನಿಂತ ಪ್ರಾರ್ಥನೆಯನ್ನು ಹಾಗೆಯೇ ದೇವರಿಗೆ ಒಪ್ಪಿಸಿ ಮಲಗಿ. ಉಳಿದದ್ದನ್ನು ಅವರು ಓದಿಕೊಳ್ಳುತ್ತಾರೆ.